ಸ್ವಿಚ್ ಚಾಲೂ ಇರುವಾಗಲೇ ಫೈಬರ್ ಮಾಡ್ಯೂಲ್ ಬದಲಿಸಬಹುದೇ?

ಪ್ರಶ್ನೆ: ನಾನು ಗದಗ ನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪ್ರಯೋಗಾಲಯ ಮತ್ತು ನೆಟ್‌ವರ್ಕಿನ (ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಎಂಬ ಉಪಕರಣಗಳ) ಉಸ್ತುವಾರಿ ನೋಡಿಕೊಳ್ಳುತ್ತೇನೆ. ನಮ್ಮ ಮುಖ್ಯ ಕಟ್ಟಡಕ್ಕೂ ಹೊಸ ಕಟ್ಟಡಕ್ಕೂ ಸುಮಾರು 700 ಮೀಟರ್ ಅಂತರವಿದ್ದು, ನಡುವೆ ಸಿಂಗಲ್ ಮೋಡ್ ಫೈಬರ್ ಎಳೆದಿದ್ದಾರೆ. ಎರಡೂ ತುದಿಗಳಲ್ಲಿ 10 ಗಿಗಾಬಿಟ್ ವೇಗದ, 10 ಕಿ.ಮೀ. ಎಂದು ನಮೂದಿಸಿರುವ ಎಸ್‌ಎಫ್‌ಪಿ ಪ್ಲಸ್ ಮಾಡ್ಯೂಲ್‌ಗಳಿವೆ (ಸ್ವಿಚ್ಚಿನ ಪೋರ್ಟಿಗೆ ಸಿಕ್ಕಿಸುವ, ವಿದ್ಯುತ್ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ವಿದ್ಯುತ್ ಸಂಕೇತವಾಗಿಯೂ ಬದಲಿಸುವ ಸಣ್ಣ ಭಾಗಗಳು). ಮಾರ್ಚ್ ತಿಂಗಳಿಂದ ಮಧ್ಯಾಹ್ನದ ಹೊತ್ತು ಸಂಪರ್ಕ ಪದೇ ಪದೇ ಕಡಿದು ಮತ್ತೆ ಕೂಡುತ್ತಿದೆ. ಸರಬರಾಜುದಾರರು ‘ಇವು ಹೆಚ್ಚು ಶಕ್ತಿಯವು’ ಎಂದು 40 ಕಿ.ಮೀ. ಮಾಡ್ಯೂಲ್‌ಗಳ ಒಂದು ಜೊತೆಯನ್ನು ಕಳಿಸಿದ್ದಾರೆ. ಸ್ವಿಚ್ ಬಂದ್ ಮಾಡದೆ ಇವನ್ನು ಹಾಕಬಹುದೇ? ಮಾಡ್ಯೂಲಿನಿಂದ ಬೆಳಕು ಬರುತ್ತಿದೆಯೇ ಎಂದು ಕಣ್ಣಿಟ್ಟು ನೋಡಿ ತಿಳಿಯಬಹುದೇ? ಹಿಂದಿನ ವರ್ಷ ಇನ್ನೊಂದು ಪೋರ್ಟಿನಲ್ಲಿ ಬದಲಿಸಿದ ಮಾಡ್ಯೂಲ್ ತಿಂಗಳೊಳಗೆ ಕೆಟ್ಟುಹೋಯಿತು. ಹಾಗಾಗಿ ಕೈಹಾಕಲು ಹಿಂಜರಿಕೆಯಾಗಿದೆ.

ಉತ್ತರ: ನೀವು ಕೇಳಿದ್ದಕ್ಕೆ ಮೊದಲು ನೇರವಾಗಿ ಉತ್ತರಿಸುತ್ತೇನೆ. ಸ್ವಿಚ್ ಬಂದ್ ಮಾಡಬೇಕಾಗಿಲ್ಲ. ಎಸ್‌ಎಫ್‌ಪಿ ಜಾತಿಯ ಮಾಡ್ಯೂಲ್‌ಗಳನ್ನು ವಿದ್ಯುತ್ ಹರಿಯುತ್ತಿರುವಾಗಲೇ ತೆಗೆಯಲು ಮತ್ತು ಹಾಕಲು ಬರುವಂತೆ ರೂಪಿಸಲಾಗಿದೆ. 40 ಕಿ.ಮೀ. ಮಾಡ್ಯೂಲ್‌ಗಳನ್ನು 700 ಮೀಟರ್ ಫೈಬರಿಗೆ ಹಾಗೆಯೇ ಜೋಡಿಸಬೇಡಿ. ಮಾಡ್ಯೂಲಿನ ಬಾಯಿಯನ್ನಾಗಲಿ ಫೈಬರಿನ ತುದಿಯನ್ನಾಗಲಿ ಕಣ್ಣಿನೆದುರು ಹಿಡಿದು ನೋಡುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಇವು ಮೂರಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಇನ್ನೊಂದು ಪ್ರಶ್ನೆ ನಿಮ್ಮ ಪತ್ರದಲ್ಲಿ ಇಲ್ಲ, ಅದನ್ನು ನಾನೇ ಎತ್ತುತ್ತೇನೆ: ಕೆಟ್ಟಿರುವುದು ಮಾಡ್ಯೂಲೇ ಎಂದು ಹೇಗೆ ನಿರ್ಧರಿಸಿದಿರಿ? ಸಂಪರ್ಕ ಕಡಿದಾಗ ನಮ್ಮ ಕೈ ಮೊದಲು ಹೋಗುವುದು ಸುಲಭವಾಗಿ ಕಳಚಿ ಬರುವ ಭಾಗದ ಕಡೆಗೆ. ಹೀಗೆ ಕಳಚಿ ತೆಗೆದ ಎಷ್ಟೋ ಮಾಡ್ಯೂಲ್‌ಗಳು ಪರೀಕ್ಷೆಗೆ ಕೂರಿಸಿದಾಗ ಸುಸ್ಥಿತಿಯಲ್ಲಿಯೇ ಇರುತ್ತವೆ, ಮತ್ತು ಮೂಲ ದೋಷ ಫೈಬರಿನ ತುದಿಯಲ್ಲಿಯೋ ದಾರಿಯಲ್ಲಿಯೋ ಹಾಗೆಯೇ ಉಳಿದಿರುತ್ತದೆ.

ಮಾಡ್ಯೂಲ್ ತನ್ನ ಆರೋಗ್ಯವನ್ನು ತಾನೇ ಹೇಳಿಕೊಳ್ಳುತ್ತದೆ. ಎಸ್‌ಎಫ್‌ಎಫ್-8472 ಎಂಬ, ತಯಾರಕರ ನಡುವಿನ ತಾಂತ್ರಿಕ ಒಪ್ಪಂದದ ಪ್ರಕಾರ ತಯಾರಾದ ಮಾಡ್ಯೂಲ್‌ಗಳು ಐದು ಅಳತೆಗಳನ್ನು ಸ್ವಿಚ್ಚಿಗೆ ಒದಗಿಸುತ್ತವೆ: ಒಳಗಿನ ಉಷ್ಣತೆ, ಪೂರೈಕೆಯ ವೋಲ್ಟೇಜು, ಲೇಸರಿಗೆ ಹರಿಯುವ ಬಯಾಸ್ ಕರೆಂಟು, ಹೊರಗೆ ಕಳಿಸುವ ಬೆಳಕಿನ ಶಕ್ತಿ ಮತ್ತು ಒಳಗೆ ಬಂದು ತಲಪುವ ಬೆಳಕಿನ ಶಕ್ತಿ. ಸಿಸ್ಕೊ ಸ್ವಿಚ್ಚುಗಳಲ್ಲಿ ‘ಶೋ ಇಂಟರ್‌ಫೇಸಸ್ ಟ್ರಾನ್ಸೀವರ್ ಡೀಟೇಲ್’ ಎಂಬ ಆದೇಶದಿಂದ ಇವು ಸಿಗುತ್ತವೆ; ಲಿನಕ್ಸ್ ಸರ್ವರಿನಲ್ಲಿ ‘ಎಥ್‌ಟೂಲ್’ ಆದೇಶ ಇದೇ ಕೆಲಸ ಮಾಡುತ್ತದೆ; ಬೇರೆ ತಯಾರಕರ ಸ್ವಿಚ್ಚುಗಳಲ್ಲಿ ಪೋರ್ಟಿನ ವಿವರಗಳ ಪುಟದಲ್ಲಿ ಡಿಡಿಎಂ ಅಥವಾ ಡಿಒಎಂ ಎಂಬ ಹೆಸರಿನಡಿ ನೋಡಿ. ಬೆಳಕಿನ ಶಕ್ತಿಯನ್ನು ಡಿಬಿಎಂ ಎಂಬ ಮಾನದಲ್ಲಿ ಹೇಳುತ್ತಾರೆ. 0 ಡಿಬಿಎಂ ಎಂದರೆ 1 ಮಿಲಿವ್ಯಾಟ್, -3 ಎಂದರೆ ಅದರ ಅರ್ಧ, -10 ಎಂದರೆ ಹತ್ತನೆಯ ಒಂದು ಪಾಲು, -20 ಎಂದರೆ ನೂರನೆಯ ಒಂದು ಪಾಲು. ಋಣ ಚಿಹ್ನೆ ಇದ್ದ ಮಾತ್ರಕ್ಕೆ ಬೆಳಕು ಇಲ್ಲವೆಂದು ಅರ್ಥವಲ್ಲ. ಇಂಥ ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು, ಅಂದರೆ ದಾರಿಯಲ್ಲಿ ಕಳೆದ ಬೆಳಕನ್ನು, ಡಿಬಿ ಎಂದು ಹೇಳುತ್ತಾರೆ.

ಈಗ ನಿಮ್ಮ ಸಂಪರ್ಕದ ಲೆಕ್ಕ ಹಾಕೋಣ. ನಿಮ್ಮಲ್ಲಿರುವುದು 10 ಗಿಗಾಬಿಟ್‌ನ ಎಲ್‌ಆರ್ ಎಂಬ ಬಗೆ, ಅಂದರೆ 1310 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು 10 ಕಿ.ಮೀ. ವರೆಗೆ ಒಯ್ಯುವಂಥದು. ಇದು ಹೊರಸೂಸುವ ಶಕ್ತಿ -8.2 ಮತ್ತು 0.5 ಡಿಬಿಎಂ ನಡುವೆ ಎಲ್ಲಿಯಾದರೂ ಇರಬಹುದು; ಗ್ರಹಿಸಲು -14.4 ಡಿಬಿಎಂಗಿಂತ ಹೆಚ್ಚಿನ ಬೆಳಕು ಬೇಕು. ಉದಾಹರಣೆಗೆ ನಿಮ್ಮ ಮಾಡ್ಯೂಲ್ -2 ಡಿಬಿಎಂ ಕಳಿಸುತ್ತಿದೆ ಎಂದುಕೊಳ್ಳಿ. ಈ ತರಂಗಾಂತರದಲ್ಲಿ ಒಳ್ಳೆಯ ಫೈಬರ್ ಕಿಲೋಮೀಟರಿಗೆ 0.35ರಿಂದ 0.4 ಡಿಬಿಯಷ್ಟು ಬೆಳಕನ್ನು ಕಳೆಯುವುದರಿಂದ, 700 ಮೀಟರಿನಲ್ಲಿ ಕಳೆಯುವುದು 0.3 ಡಿಬಿಗಿಂತ ಕಡಿಮೆ. ಎರಡೂ ಕಡೆಯ ಪ್ಯಾಚ್ ಪ್ಯಾನೆಲ್ಲುಗಳಲ್ಲಿ (ಫೈಬರಿನ ತುದಿಗಳನ್ನು ಜೋಡಿಸುವ ಫಲಕಗಳಲ್ಲಿ) ನಾಲ್ಕು ಜೋಡಣೆಗಳಿದ್ದು, ಪ್ರತಿಯೊಂದರಲ್ಲಿ ಅರ್ಧ ಡಿಬಿ ಹೋದರೂ 2 ಡಿಬಿ. ಬೆಸುಗೆ ಹಾಕಿದ ಕಡೆಗಳಲ್ಲಿ ಇನ್ನೊಂದಿಷ್ಟು. ಎಲ್ಲ ಕೂಡಿದರೂ ಹೆಚ್ಚೆಂದರೆ 3 ಡಿಬಿ. ಹೀಗಾಗಿ ಎದುರಿನ ತುದಿಯಲ್ಲಿ -5 ಡಿಬಿಎಂ ಆಸುಪಾಸು ಬೆಳಕು ಸಿಗಬೇಕು. ಅಲ್ಲಿ -12 ಅಥವಾ -13 ಕಾಣಿಸಿದರೆ ದಾರಿಯಲ್ಲಿ ಎಲ್ಲಿಯೋ 7–8 ಡಿಬಿ ಸೋರಿಹೋಗುತ್ತಿದೆ, ಮತ್ತು ನೀವು ಎಷ್ಟು ಹೊಸ ಮಾಡ್ಯೂಲ್ ಹಾಕಿದರೂ ಆ ಸೋರಿಕೆ ನಿಲ್ಲುವುದಿಲ್ಲ.

ಎರಡೂ ತುದಿಗಳ ಕಳಿಸುವ ಮತ್ತು ಬರುವ ಶಕ್ತಿಗಳನ್ನು, ಹೀಗೆ ನಾಲ್ಕು ಅಂಕಿಗಳನ್ನು, ಬೆಳಗ್ಗೆ ಒಮ್ಮೆ ಮತ್ತು ಸಂಪರ್ಕ ಕಡಿಯುವ ಮಧ್ಯಾಹ್ನದ ವೇಳೆ ಒಮ್ಮೆ ಬರೆದಿಟ್ಟುಕೊಳ್ಳಿ. ಹೊಸ ಕಟ್ಟಡದ ಮಾಡ್ಯೂಲ್ ಕಳಿಸುವ ಶಕ್ತಿ ಬೆಳಗ್ಗೆಯೂ ಮಧ್ಯಾಹ್ನವೂ ಒಂದೇ ಇದ್ದು, ಮುಖ್ಯ ಕಟ್ಟಡಕ್ಕೆ ಬಂದು ತಲಪುವ ಶಕ್ತಿ ಮಾತ್ರ ಮಧ್ಯಾಹ್ನ ಇಳಿಯುತ್ತಿದ್ದರೆ, ದೋಷ ದಾರಿಯದು. ಕಳಿಸುವ ಶಕ್ತಿಯೇ ಇಳಿಯುತ್ತಿದ್ದರೆ ಆ ಮಾಡ್ಯೂಲಿನದು. ಶಕ್ತಿ ಇಳಿಯದಿದ್ದರೂ ಬಯಾಸ್ ಕರೆಂಟು ಹಾಕಿದ ದಿನಕ್ಕಿಂತ ಅರ್ಧದಷ್ಟು ಏರಿದ್ದರೆ, ಲೇಸರ್ ಮುಪ್ಪಾಗಿದೆ ಎಂದು ತಿಳಿಯಬೇಕು, ಏಕೆಂದರೆ ಮೊದಲಿನಷ್ಟೇ ಬೆಳಕು ಕೊಡಲು ಅದಕ್ಕೆ ಈಗ ಹೆಚ್ಚು ಕರೆಂಟು ಬೇಕಾಗುತ್ತಿದೆ. ಕಾವು ಏರಿದರೂ ಬಯಾಸ್ ಏರುತ್ತದೆ. ಆದ್ದರಿಂದ ಬೆಳಗಿನ ಅಂಕಿಯನ್ನು ಬೆಳಗಿನದಕ್ಕೇ ಹೋಲಿಸಬೇಕು. ಈ ಅಳತೆಗಳು ಪ್ರಯೋಗಾಲಯದ ಉಪಕರಣದಷ್ಟು ನಿಖರವಲ್ಲ ಎಂಬುದನ್ನೂ ಹೇಳಬೇಕು. ಬೆಳಕಿನ ಶಕ್ತಿಯಲ್ಲಿ 3 ಡಿಬಿವರೆಗೆ ಹೆಚ್ಚುಕಡಿಮೆಯಾಗಲು ಒಪ್ಪಂದದಲ್ಲಿಯೇ ಅವಕಾಶವಿದೆ. ಒಂದು ಮಾಡ್ಯೂಲಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವುದಕ್ಕಿಂತ ಅದರದೇ ಹಳೆಯ ಅಂಕಿಯ ಜೊತೆ ಹೋಲಿಸುವುದು ಹೆಚ್ಚು ವಿಶ್ವಾಸಾರ್ಹ.

ನಿಮ್ಮ ತೊಂದರೆ ಮಧ್ಯಾಹ್ನವೇ ಕಾಣಿಸುತ್ತಿದೆ ಎಂಬುದು ಮುಖ್ಯ ಸುಳಿವು. ಸಾಮಾನ್ಯ ದರ್ಜೆಯ ಮಾಡ್ಯೂಲ್‌ಗಳನ್ನು 0ಯಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಕವಚದ ಉಷ್ಣತೆಗೆ ತಯಾರಿಸಿರುತ್ತಾರೆ. ಕೈಗಾರಿಕಾ ದರ್ಜೆಯವು -40ರಿಂದ 85ರವರೆಗೆ ತಾಳುತ್ತವೆ. ನಮ್ಮ ಭಾಗದ ಬೇಸಿಗೆಯಲ್ಲಿ, ಮೇಲಿನ ಮಹಡಿಯ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಗೋಡೆಗೆ ಅಂಟಿಸಿದ ಸಣ್ಣ ರ‍್ಯಾಕಿನೊಳಗೆ ಸ್ವಿಚ್ ಇದ್ದರೆ ಆ 70ರ ಮಿತಿ ದೂರವೇನೂ ಇಲ್ಲ. ಅದೇ ಸ್ವಿಚ್ಚಿನ ಅಕ್ಕಪಕ್ಕದ ಪೋರ್ಟುಗಳಲ್ಲಿ ತಾಮ್ರದ ಕೇಬಲ್ಲಿಗೆಂದು ಇರುವ 10 ಗಿಗಾಬಿಟ್ ಮಾಡ್ಯೂಲ್ ಕೂಡ ಇದ್ದರೆ ಗಮನಿಸಿ. ಅವು ಆಪ್ಟಿಕಲ್ ಮಾಡ್ಯೂಲ್‌ಗಿಂತ ಬಹಳ ಹೆಚ್ಚು ಕಾಯುತ್ತವೆ ಮತ್ತು ನೆರೆಯವನ್ನೂ ಕಾಯಿಸುತ್ತವೆ. ಫ್ಯಾನ್ ತಿರುಗುತ್ತಿದೆಯೇ, ಗಾಳಿಕಿಂಡಿಗಳು ತೆರೆದಿವೆಯೇ ನೋಡಿ. ಹತ್ತಿಯ ಜಿನ್ನಿಂಗ್ ನಡೆಯುವ ಊರುಗಳಲ್ಲಿ ಅರಳೆಯ ಎಳೆಗಳು, ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಗಾಳಿಗೆ ಏಳುವ ಸಣ್ಣ ಧೂಳು, ಇವೆರಡೂ ಸೇರಿ ಸ್ವಿಚ್ಚಿನ ಕಿಂಡಿಗಳನ್ನು ಕಂಬಳಿ ಹೊದಿಸಿದಂತೆ ಮುಚ್ಚುತ್ತವೆ. ಆ ಕಿಂಡಿಗಳನ್ನು ಸ್ವಚ್ಛಗೊಳಿಸಿದ ಮೇಲೆ ಮಾಡ್ಯೂಲಿನ ಉಷ್ಣತೆ ಗಣನೀಯವಾಗಿ ಇಳಿದು ಸಂಪರ್ಕ ಸ್ಥಿರವಾದರೆ, ನಿಮ್ಮ ಖರೀದಿಯೇ ಬೇಕಾಗಲಿಕ್ಕಿಲ್ಲ.

ಧೂಳಿನ ಮಾತು ಇಲ್ಲಿಗೆ ಮುಗಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಗಳ ಫೈಬರ್ ಸಮಸ್ಯೆಗಳಲ್ಲಿ ಅತಿ ಹೆಚ್ಚು ಗಮನ ಬೇಡುವ ವಿಷಯವೇ ಇದು. ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಹರಿಯುವ ತಿರುಳಿನ ಅಡ್ಡಳತೆ ಸುಮಾರು 9 ಮೈಕ್ರಾನ್ ಮಾತ್ರ, ಅಂದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಕಣ್ಣಿಗೆ ಕಾಣದ ಒಂದು ಕಣ ಅದರ ಮೇಲೆ ಕೂತರೆ ಬೆಳಕು ಅಡ್ಡಗಟ್ಟುತ್ತದೆ. ಕನೆಕ್ಟರನ್ನು ಒತ್ತಿ ಜೋಡಿಸಿದಾಗ ಅದೇ ಕಣ ಗಾಜಿನ ಮೇಲೆ ಗೀರು ಮಾಡುತ್ತದೆ. ಎದುರಿನ ಮಾಡ್ಯೂಲಿನ ಒಳಗಿನ ಗಾಜಿಗೂ ಅಂಟಿಕೊಂಡು ಅದನ್ನೂ ಕೆಡಿಸುತ್ತದೆ. ಹಳೆಯ ಮಾಡ್ಯೂಲ್ ತೆಗೆದು ಹೊಸದನ್ನು ಹಾಕಿ, ಕೊಳೆಯಾದ ಅದೇ ಪ್ಯಾಚ್ ಕಾರ್ಡನ್ನು (ಪ್ಯಾನೆಲ್ಲಿನಿಂದ ಮಾಡ್ಯೂಲಿಗೆ ಬರುವ ಗಿಡ್ಡ ಫೈಬರ್ ತಂತಿಯನ್ನು) ಸಿಕ್ಕಿಸಿದರೆ, ಆ ಕೊಳೆಯನ್ನು ಹೊಸ ಮಾಡ್ಯೂಲಿಗೆ ಕೈಯಾರೆ ದಾಟಿಸಿದಂತಾಗುತ್ತದೆ. ಆದ್ದರಿಂದ ಪ್ರತಿ ಬಾರಿ ಜೋಡಿಸುವ ಮುನ್ನ ಒರೆಸಲೇಬೇಕು, ಚೀಲದಿಂದ ಈಗತಾನೆ ತೆಗೆದ ಹೊಸ ಕಾರ್ಡಾದರೂ ಸರಿ. ಡಸ್ಟ್ ಕ್ಯಾಪ್ ಹಾಕಿದ್ದ ತುದಿ ಶುದ್ಧವಾಗಿಯೇ ಇರುತ್ತದೆ ಎಂದು ನಂಬಬೇಡಿ. ಕ್ಯಾಪಿನ ಒಳಗೂ ಕೊಳೆ ಇರುತ್ತದೆ.

ಒರೆಸಲು ಅಂಗಿಯ ಅಂಚು, ಕರವಸ್ತ್ರ, ಹತ್ತಿಯ ಉಂಡೆ ಯಾವುದೂ ಬೇಡ; ಬಾಯಿಂದ ಊದುವುದಂತೂ ಬೇಡವೇ ಬೇಡ, ಉಸಿರಿನ ತೇವ ಗಾಜಿನ ಮೇಲೆ ಕಲೆಯಾಗಿ ಒಣಗುತ್ತದೆ. ಪೆನ್ನಿನಂತಿರುವ ಒಂದು ಸಾಧನ ಸಿಗುತ್ತದೆ. ತುದಿಗೆ ಇಟ್ಟು ಒತ್ತಿದರೆ ಒಳಗಿನ ಒಣ ಎಳೆ ಸುತ್ತಿ ಗಾಜನ್ನು ಒರೆಸುತ್ತದೆ. ಕೊಳ್ಳುವಾಗ ಎಲ್‌ಸಿ ಕನೆಕ್ಟರಿಗೆ 1.25 ಮಿ.ಮೀ., ಎಸ್‌ಸಿ ಕನೆಕ್ಟರಿಗೆ 2.5 ಮಿ.ಮೀ. ಎಂದು ಅಳತೆ ನೋಡಿ ಕೊಳ್ಳಿ. ನಿಮ್ಮ ಎಸ್‌ಎಫ್‌ಪಿ ಪ್ಲಸ್ ಮಾಡ್ಯೂಲ್‌ಗಳಿಗೆ ಬೇಕಾದದ್ದು 1.25ರದು. ಎಣ್ಣೆಯ ಅಂಶವಿರುವ ಕೊಳೆಗೆ ಒಣ ಒರೆಸುವಿಕೆ ಸಾಲುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಸುತ್ತಮುತ್ತ ಕಚೇರಿ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಮೆಣಸಿನಕಾಯಿಯಲ್ಲಿ ಎಣ್ಣೆಯಂಥ ಸಾರವಿದ್ದು ಅದರ ಧೂಳು ಬರೀ ಮಣ್ಣಿನ ಧೂಳಿನಂತೆ ಉದುರಿಹೋಗುವುದಿಲ್ಲ. ಅಂಥಲ್ಲಿ ಶೇಕಡಾ 99 ಶುದ್ಧತೆಯ ಐಸೊಪ್ರೊಪೈಲ್ ಆಲ್ಕೊಹಾಲನ್ನು ಎಳೆ ಬಿಡದ ವಿಶೇಷ ಒರಸು ಹಾಳೆಯ ಒಂದು ಭಾಗಕ್ಕೆ ಸ್ವಲ್ಪವೇ ತಾಗಿಸಿ, ಒದ್ದೆಯಿಂದ ಒಣ ಭಾಗದ ಕಡೆಗೆ ಕನೆಕ್ಟರಿನ ತುದಿಯನ್ನು ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಔಷಧ ಅಂಗಡಿಯಲ್ಲಿ ಗಾಯಕ್ಕೆಂದು ಸಿಗುವ ಸ್ಪಿರಿಟ್‌ನಲ್ಲಿ ನೀರು ಬೆರೆತಿರುವುದರಿಂದ ಅದು ಕಲೆ ಉಳಿಸುತ್ತದೆ. ಮಾಡ್ಯೂಲಿನ ಬಾಯೊಳಗೆ ಮಾತ್ರ ದ್ರವ ಸುರಿಯಬಾರದು. ಅಲ್ಲಿಗೆ ಒಣ ಪೆನ್ ಸಾಧನ ಸಾಕು. ಅದೂ ಎಲ್‌ಆರ್‌ನಂಥ ಸಿಂಗಲ್ ಮೋಡ್ ಮಾಡ್ಯೂಲಿಗೆ ಮಾತ್ರ. 850 ನ್ಯಾನೊಮೀಟರಿನ ಮಲ್ಟಿಮೋಡ್ (ಇನ್ನೂ ದಪ್ಪ ತಿರುಳಿನ ಫೈಬರಿಗೆಂದು ಇರುವ) ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ಗಾಜಿನ ತುದಿಯ ಬದಲು ಮಸೂರ ಇರುವುದರಿಂದ, ತಯಾರಕರ ಸೂಚನೆ ಓದದೆ ಅವುಗಳೊಳಗೆ ಏನನ್ನೂ ತೂರಿಸಬೇಡಿ.

ಒರೆಸಿದ ಮೇಲೂ ದಾರಿಯಲ್ಲಿನ ಸೋರಿಕೆ ಉಳಿದರೆ, ಪ್ಯಾಚ್ ಕಾರ್ಡು ರ‍್ಯಾಕಿನ ಬಾಗಿಲಿಗೆ ಸಿಕ್ಕಿ ಮಡಚಿಕೊಂಡಿದೆಯೇ, ಕೇಬಲ್ ಟೈ ಬಿಗಿಯಾಗಿ ಕೊರೆದಿದೆಯೇ ನೋಡಿ. ಸಾಮಾನ್ಯ ಸಿಂಗಲ್ ಮೋಡ್ ಫೈಬರನ್ನು 30 ಮಿ.ಮೀ. ತ್ರಿಜ್ಯಕ್ಕಿಂತ ಚಿಕ್ಕದಾಗಿ ಬಾಗಿಸಬಾರದು. ನಂತರ ಆಪ್ಟಿಕಲ್ ಪವರ್ ಮೀಟರಿನಿಂದ ಅಳೆಸಿ. ಈಗ ಮನೆಮನೆಗೆ ಫೈಬರ್ ಇಂಟರ್ನೆಟ್ ಕೊಡುವ ಕೇಬಲ್ ಆಪರೇಟರುಗಳು ಗದಗ, ಹಾವೇರಿ, ಹುಬ್ಬಳ್ಳಿ ಎಲ್ಲೆಡೆ ಇದ್ದಾರೆ, ಅವರ ಬಳಿ ಈ ಮೀಟರ್ ಇದ್ದೇ ಇರುತ್ತದೆ. ಎರಡು ಎಚ್ಚರಿಕೆಗಳೊಂದಿಗೆ ಅವರ ನೆರವು ಪಡೆಯಿರಿ. ಮೀಟರನ್ನು 1310 ನ್ಯಾನೊಮೀಟರಿಗೆ ಹೊಂದಿಸಬೇಕು. ಮನೆಯ ಸಂಪರ್ಕಗಳನ್ನು ಅಳೆಯುವಾಗ ಅವರು 1490ಕ್ಕೆ ಇಟ್ಟುಕೊಂಡಿರುತ್ತಾರೆ. ಎರಡನೆಯದಾಗಿ, ಅವರ ಕೈಯಲ್ಲಿರುವ ಕಾರ್ಡುಗಳ ಕನೆಕ್ಟರು ಹೆಚ್ಚಾಗಿ ಹಸಿರು ಬಣ್ಣದ್ದು, ಅಂದರೆ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿದ ಎಪಿಸಿ. ನಿಮ್ಮ ಮಾಡ್ಯೂಲಿಗೆ ಬೇಕಾದದ್ದು ಓರೆಯಿಲ್ಲದೆ ಉಜ್ಜಿದ, ನೀಲಿ ಬಣ್ಣದ ಯುಪಿಸಿ. ಹಸಿರನ್ನು ನೀಲಿಗೆ ಜೋಡಿಸಿದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ, ಗಾಜಿನ ತುದಿಗಳಿಗೂ ಪೆಟ್ಟಾಗುತ್ತದೆ.

ಇಷ್ಟಾಗಿಯೂ ಮಾಡ್ಯೂಲೇ ಕೆಟ್ಟಿದೆ ಎಂದು ಖಚಿತವಾದರೆ, ಯಾವುದನ್ನು ಹಾಕಬೇಕು ಎಂಬ ವಿಷಯಕ್ಕೆ ಬರೋಣ. ಸರಬರಾಜುದಾರರು ಕಳಿಸಿರುವ 40 ಕಿ.ಮೀ. ಮಾಡ್ಯೂಲ್ ಇಆರ್ ಎಂಬ ಬಗೆಯದು. ಅದು 1550 ನ್ಯಾನೊಮೀಟರಿನ ಬೆಳಕನ್ನು -4.7ರಿಂದ 4 ಡಿಬಿಎಂವರೆಗಿನ ಶಕ್ತಿಯಲ್ಲಿ ಕಳಿಸುತ್ತದೆ, ಆದರೆ ತಾನು ಸ್ವೀಕರಿಸಬಲ್ಲ ಗರಿಷ್ಠ ಶಕ್ತಿ -1 ಡಿಬಿಎಂ ಮಾತ್ರ. ನಿಮ್ಮ ದಾರಿಯಲ್ಲಿ ಕಳೆಯುವುದು 3 ಡಿಬಿಗಿಂತ ಕಡಿಮೆ ಎಂದು ಮೇಲೆ ಕಂಡೆವು. ಅಂದರೆ 4 ಡಿಬಿಎಂ ಕಳಿಸುವ ಮಾಡ್ಯೂಲ್ ಇದ್ದರೆ ಎದುರಿಗೆ 1 ಡಿಬಿಎಂಗಿಂತ ಹೆಚ್ಚು ತಲಪುತ್ತದೆ, ಮಿತಿಯನ್ನು ಮೀರುತ್ತದೆ. ಬೆಳಕು ಹೆಚ್ಚಾದರೆ ಸಂಪರ್ಕ ಗಟ್ಟಿಯಾಗುತ್ತದೆ ಎಂಬ ಭಾವನೆ ತಪ್ಪು. ಬೆಳಕನ್ನು ಸ್ವೀಕರಿಸುವ ಭಾಗ ತುಂಬಿಹೋಗಿ ದೋಷಗಳು ಹೆಚ್ಚುತ್ತವೆ, ದೀರ್ಘಕಾಲದಲ್ಲಿ ಅದು ಕೆಡಲೂಬಹುದು. 80 ಕಿ.ಮೀ. ಬಗೆಯ ಮಾಡ್ಯೂಲ್‌ಗಳಲ್ಲಿ ಬೆಳಕನ್ನು ಗ್ರಹಿಸಲು ಅತಿ ಸೂಕ್ಷ್ಮವಾದ ಅವಲಾಂಚ್ ಡಯೋಡ್ ಬಳಸುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಅವನ್ನು ಮೇಜಿನ ಮೇಲೆ ಒಂದು ಮೀಟರ್ ಕಾರ್ಡಿನಿಂದ ಪರೀಕ್ಷೆಗೆಂದು ಜೋಡಿಸುವುದೇ ಅವನ್ನು ಕೊಲ್ಲಲು ಸಾಕು. ಅನಿವಾರ್ಯವಾಗಿ ಇಆರ್ ಬಳಸಲೇಬೇಕಾದರೆ, ಎರಡೂ ತುದಿಗಳಲ್ಲಿ ಇಆರ್ ಹಾಕಿ, ಬೆಳಕು ಒಳಬರುವ ಎಳೆಗೆ ಎರಡೂ ಕಡೆ 5 ಡಿಬಿಯ ಅಟೆನ್ಯುಯೇಟರ್ (ಬೆಳಕನ್ನು ಬೇಕೆಂದೇ ತಗ್ಗಿಸುವ ಸಣ್ಣ ಜೋಡಣೆ) ಜೋಡಿಸಿ, ಬರುವ ಶಕ್ತಿ -1ಕ್ಕಿಂತ ಚೆನ್ನಾಗಿ ಕೆಳಗಿದೆ ಎಂದು ಓದಿ ನೋಡಬೇಕು. ಆದರೆ 700 ಮೀಟರಿಗೆ ಇಷ್ಟೆಲ್ಲ ಏಕೆ? ಎಲ್‌ಆರ್ ಮಾಡ್ಯೂಲ್ ಸಾಕು, ಅಗ್ಗವೂ ಹೌದು, ಕಡಿಮೆ ಕಾಯುವಂಥದೂ ಹೌದು.

ನಿಮ್ಮ ಹಿಂದಿನ ವರ್ಷದ ಮಾಡ್ಯೂಲನ್ನು ಬಿಸಾಡಿಲ್ಲವಾದರೆ ಅದರ ಮೇಲಿನ ಚೀಟಿ ಓದಿ. ಅದರಲ್ಲಿಯೂ 40 ಅಥವಾ 80 ಕಿ.ಮೀ. ಎಂದಿದ್ದರೆ, ಬೇಗ ಕೆಟ್ಟದ್ದಕ್ಕೆ ಮೊದಲ ಶಂಕೆ ಈ ಅತಿ ಬೆಳಕಿನ ಮೇಲೆಯೇ ಹೋಗಬೇಕು. 10 ಕಿ.ಮೀ. ಎಂದಿದ್ದರೆ ಸ್ಥಿರವಿದ್ಯುತ್ತಿನ ಕಡೆ ನೋಡಬೇಕು, ಅದನ್ನು ಮುಂದೆ ಹೇಳುತ್ತೇನೆ.

ಹೊಂದಾಣಿಕೆಯಲ್ಲಿ ನೋಡಬೇಕಾದ ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ವೇಗ ಎರಡೂ ಕಡೆ ಒಂದೇ ಇರಬೇಕು; ಆಪ್ಟಿಕಲ್ ಪೋರ್ಟುಗಳು 10 ಮತ್ತು 1 ಗಿಗಾಬಿಟ್ ನಡುವೆ ತಾವಾಗಿಯೇ ಮಾತಾಡಿ ಹೊಂದಿಕೊಳ್ಳುವುದಿಲ್ಲ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿನ ಬೆಳಕು ಹರಿಸುವ ಬೈಡೈ ಮಾಡ್ಯೂಲ್‌ಗಳಾದರೆ ಒಂದು ತುದಿಯಲ್ಲಿ 1270 ಕಳಿಸಿ 1330 ಸ್ವೀಕರಿಸುವುದೂ, ಇನ್ನೊಂದು ತುದಿಯಲ್ಲಿ ಅದರ ತಿರುಗುಮುರುಗಾದದ್ದೂ ಇರಬೇಕು. ಒಂದೇ ಬಗೆಯ ಎರಡನ್ನು ಕೊಂಡು ಪರದಾಡುವವರನ್ನು ನಾನು ಕಂಡಿದ್ದೇನೆ. ಬೇರೆ ಕಂಪನಿಯ ಮಾಡ್ಯೂಲ್ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾಡ್ಯೂಲಿನೊಳಗಿನ ಸಣ್ಣ ನೆನಪುಕೋಶದಲ್ಲಿ ತಯಾರಕರ ಗುರುತು ಬರೆದಿರುತ್ತದೆ, ಕೆಲವು ಸ್ವಿಚ್ಚುಗಳು ಆ ಗುರುತು ಒಪ್ಪಿಗೆಯಾಗದಿದ್ದರೆ ಪೋರ್ಟನ್ನೇ ಮುಚ್ಚುತ್ತವೆ. ನಿಮ್ಮ ಸ್ವಿಚ್ಚಿನ ಕಂಪನಿ ಮತ್ತು ಮಾದರಿಯನ್ನು ತಿಳಿಸಿ, ಅದಕ್ಕೆ ಗುರುತು ಹೊಂದಿಸಿಕೊಟ್ಟ ಮಾಡ್ಯೂಲನ್ನೇ ತರಿಸಿ.

ಇನ್ನು ಬದಲಿಸುವ ಕೆಲಸ. ಚಾಲೂ ಸ್ವಿಚ್ಚಿನಲ್ಲಿ ಇದು ಸುರಕ್ಷಿತವಾಗಲು ಕಾರಣ ಮಾಡ್ಯೂಲಿನ ಹಿಂಭಾಗದ 20 ಸಂಪರ್ಕಪಟ್ಟಿಗಳ ಉದ್ದದಲ್ಲಿದೆ. ಅವು ಒಂದೇ ಉದ್ದದವಲ್ಲ. ಒಳಗೆ ತಳ್ಳಿದಾಗ ಮೊದಲು ಗ್ರೌಂಡಿನವು ತಾಗುತ್ತವೆ, ಆಮೇಲೆ 3.3 ವೋಲ್ಟಿನ ವಿದ್ಯುತ್ತಿನವು, ಕೊನೆಗೆ ಸಂಕೇತದವು. ತೆಗೆಯುವಾಗ ಇದರ ವಿರುದ್ಧ ಕ್ರಮ. ಆದ್ದರಿಂದ ಮಾಡ್ಯೂಲನ್ನು ನೇರವಾಗಿ, ಒಂದೇ ಸಮನಾದ ಚಲನೆಯಲ್ಲಿ ತಳ್ಳಬೇಕು. ಅರ್ಧ ತಳ್ಳಿ ಅಲ್ಲಾಡಿಸುವುದು, ಓರೆಯಾಗಿ ಒತ್ತುವುದು ಈ ಏರ್ಪಾಡನ್ನೇ ಕೆಡಿಸುತ್ತದೆ. ಈ ಅನುಕೂಲ ಎಸ್‌ಎಫ್‌ಪಿ ಮಾಡ್ಯೂಲಿಗೆ ಸಂಬಂಧಿಸಿದ್ದು. ಆ ಪೋರ್ಟುಗಳನ್ನು ಹೊತ್ತ ವಿಸ್ತರಣಾ ಕಾರ್ಡನ್ನೂ ಹೀಗೆಯೇ ಎಳೆಯಬಹುದೆಂದು ಭಾವಿಸಬೇಡಿ, ಕೆಲವು ಸ್ವಿಚ್ಚುಗಳಲ್ಲಿ ಅದಕ್ಕೆ ವಿದ್ಯುತ್ ಬಂದ್ ಮಾಡಲೇಬೇಕಾಗುತ್ತದೆ.

ಪರೀಕ್ಷೆ, ಪ್ರವೇಶಾತಿ ನಡೆಯದ ಹೊತ್ತನ್ನು ಆರಿಸಿ, ಹೊಸ ಕಟ್ಟಡದವರಿಗೆ ಮುಂಚೆಯೇ ತಿಳಿಸಿ, ಸ್ವಿಚ್ಚಿನ ಸಂರಚನೆಯನ್ನು ಉಳಿಸಿಟ್ಟುಕೊಳ್ಳಿ. ಎರಡೂ ತುದಿಗಳ ಪೋರ್ಟುಗಳನ್ನು ಆದೇಶದಿಂದ ಶಟ್‌ಡೌನ್ ಮಾಡಿ. ಬಹುತೇಕ ಸ್ವಿಚ್ಚುಗಳಲ್ಲಿ ಇದರಿಂದ ಲೇಸರ್ ಕೂಡ ಆರುತ್ತದೆ, ಆದರೆ ಆರಿದೆ ಎಂದು ನಂಬಿ ನಡೆಯಬೇಡಿ. ಕನೆಕ್ಟರಿನ ಎರಡು ಎಳೆಗಳಲ್ಲಿ ಯಾವುದು ಎಡ, ಯಾವುದು ಬಲ ಎಂದು ಫೋಟೊ ತೆಗೆದಿಡಿ. ಮೊದಲು ಫೈಬರನ್ನು ಬಿಡಿಸಬೇಕು: ಎಲ್‌ಸಿ ಕನೆಕ್ಟರಿನ ಮೇಲಿನ ನಾಲಗೆಯನ್ನು ಒತ್ತಿ, ಕನೆಕ್ಟರಿನ ಮೈಯನ್ನೇ ಹಿಡಿದು ಎಳೆಯಿರಿ, ತಂತಿಯನ್ನು ಹಿಡಿದಲ್ಲ. ಕೂಡಲೇ ಕಾರ್ಡಿನ ತುದಿಗೂ ಮಾಡ್ಯೂಲಿನ ಬಾಯಿಗೂ ಕ್ಯಾಪ್ ಹಾಕಿ. ಆಮೇಲೆ ಮಾಡ್ಯೂಲಿನ ಮುಂದಿರುವ ತಂತಿಯ ಹಿಡಿಕೆಯನ್ನು ಪೂರ್ತಿ ಮಡಚಿ, ಬೀಗ ಬಿಟ್ಟಿದೆ ಎಂದು ಕೈಗೆ ತಿಳಿದ ಮೇಲೆ ಎಳೆಯಿರಿ. ಫೈಬರ್ ಸಿಕ್ಕಿಸಿರುವಾಗ ಆ ಹಿಡಿಕೆ ಪೂರ್ತಿ ಮಡಚಿಕೊಳ್ಳುವುದಿಲ್ಲ. ಬಲವಂತ ಮಾಡಿದರೆ ಹಿಡಿಕೆ ಮುರಿದು ಮಾಡ್ಯೂಲ್ ಒಳಗೇ ಉಳಿಯುತ್ತದೆ. ಪೋರ್ಟುಗಳು ಮೇಲೆ ಕೆಳಗೆ ಎರಡು ಸಾಲಿನಲ್ಲಿರುವ ಸ್ವಿಚ್ಚಿನಲ್ಲಿ ಕೆಳಸಾಲಿನ ಮಾಡ್ಯೂಲ್ ತಲೆಕೆಳಗಾಗಿ ಕೂರುತ್ತದೆ. ಹೊಸದು ಹೋಗುತ್ತಿಲ್ಲ ಎಂದರೆ ಒತ್ತಡ ಹೆಚ್ಚಿಸುವ ಬದಲು ತಿರುಗಿಸಿ ನೋಡಿ. ಇಕ್ಕಳ, ಸ್ಕ್ರೂಡ್ರೈವರ್ ಹತ್ತಿರ ತರಬೇಡಿ.

ಹೊಸ ಮಾಡ್ಯೂಲನ್ನು ಅದರ ಕ್ಯಾಪ್ ಸಮೇತ ತಳ್ಳಿ, ಟಕ್ ಎಂಬ ಸದ್ದಿನೊಂದಿಗೆ ಕೂತ ಮೇಲೆ ಮೆಲ್ಲನೆ ಎಳೆದು ಬೀಗ ಬಿದ್ದಿದೆ ಎಂದು ನೋಡಿ, ಆಮೇಲೆ ಕ್ಯಾಪ್ ತೆಗೆದು, ಫೈಬರ್ ತುದಿ ಒರೆಸಿ, ಜೋಡಿಸಿ. ಒಂದು ಸಲಕ್ಕೆ ಒಂದೇ ತುದಿಯ ಮಾಡ್ಯೂಲ್ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಸಂಪರ್ಕ ಸರಿಹೋದರೂ ಯಾವುದು ಕೆಟ್ಟಿತ್ತು ಎಂಬುದು ತಿಳಿಯುವುದಿಲ್ಲ, ಒಳ್ಳೆಯ ಮಾಡ್ಯೂಲೊಂದು ವೃಥಾ ಕಸಕ್ಕೆ ಹೋಗುತ್ತದೆ. ಪರೀಕ್ಷಿಸಲೆಂದು ಮತ್ತೆ ಮತ್ತೆ ಹಾಕಿ ತೆಗೆಯುವುದೂ ಸಲ್ಲದು, ಸಂಪರ್ಕಪಟ್ಟಿಗಳು ಸವೆಯುತ್ತವೆ.

ಸ್ಥಿರವಿದ್ಯುತ್ತಿನ ವಿಷಯವನ್ನು ನಮ್ಮ ಕಡೆ ಹಗುರವಾಗಿ ತೆಗೆದುಕೊಳ್ಳುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಗಾಳಿ ಒಣಗಿರುವ ಬೇಸಿಗೆಯಲ್ಲಿ ಪಾಲಿಯೆಸ್ಟರ್ ಬಟ್ಟೆ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದರೆ ಮೈಮೇಲೆ ಸಾವಿರಾರು ವೋಲ್ಟ್ ಸಂಗ್ರಹವಾಗಬಲ್ಲದು. ಸುಮಾರು 3000 ವೋಲ್ಟಿಗಿಂತ ಕಡಿಮೆಯಾದದ್ದು ನಮಗೆ ಚುರುಕ್ ಎನ್ನುವುದೇ ಇಲ್ಲ, ಆದರೆ ಲೇಸರ್ ಡಯೋಡಿಗೆ ಅದರ ಸಣ್ಣ ಪಾಲೂ ಸಾಕು. ಇನ್ನೂ ಕೆಟ್ಟದ್ದೆಂದರೆ ಪೆಟ್ಟು ತಿಂದ ಮಾಡ್ಯೂಲ್ ಅಂದೇ ಸಾಯಬೇಕೆಂದಿಲ್ಲ. ಚೆನ್ನಾಗಿಯೇ ಕೆಲಸ ಆರಂಭಿಸಿ ಕೆಲವು ವಾರಗಳ ಮೇಲೆ ನಿಲ್ಲಬಹುದು. ಹತ್ತು ಕಿ.ಮೀ.ನ ಮಾಡ್ಯೂಲ್ ತಿಂಗಳಲ್ಲಿ ಕೆಟ್ಟರೆ ಇದನ್ನೂ ಶಂಕಿಸಬೇಕು ಎಂದದ್ದು ಇದಕ್ಕೇ. ಮಣಿಕಟ್ಟಿಗೆ ಕಟ್ಟುವ ಆ್ಯಂಟಿಸ್ಟ್ಯಾಟಿಕ್ ಪಟ್ಟಿಯನ್ನು ಬಣ್ಣ ಬಳಿಯದ ರ‍್ಯಾಕಿನ ಲೋಹಕ್ಕೆ ಸಿಕ್ಕಿಸಿ; ಅದರಲ್ಲಿ 1 ಮೆಗಾಓಮ್ ಪ್ರತಿರೋಧ ಇರುವುದರಿಂದ ನಿಮ್ಮ ಸುರಕ್ಷತೆಗೂ ತೊಂದರೆಯಿಲ್ಲ. ಪಟ್ಟಿ ಇಲ್ಲದಿದ್ದರೆ ಮಾಡ್ಯೂಲ್ ಮುಟ್ಟುವ ಮುನ್ನ ಆ ಲೋಹವನ್ನು ಮುಟ್ಟಿ, ಒಂದು ಕೈ ಅಲ್ಲಿಯೇ ಇರಲಿ. ಇದೆಲ್ಲ ಫಲಿಸಬೇಕಾದರೆ ರ‍್ಯಾಕಿಗೆ ನಿಜವಾದ ಅರ್ಥಿಂಗ್ ಇರಬೇಕು. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ, ಎಲೆಕ್ಟ್ರಿಶಿಯನ್ ಕೈಯಲ್ಲಿ ಅಳೆಸಿ. ಮಾಡ್ಯೂಲನ್ನು ಅದರ ಆ್ಯಂಟಿಸ್ಟ್ಯಾಟಿಕ್ ಚೀಲದಿಂದ ಕೊನೆಯ ಗಳಿಗೆಯಲ್ಲಿ ತೆಗೆಯಿರಿ, ಹಿಂಭಾಗದ ಪಟ್ಟಿಗಳನ್ನು ಬೆರಳಿನಿಂದ ಮುಟ್ಟಬೇಡಿ.

ಕಣ್ಣಿನ ವಿಷಯ. 1310 ಮತ್ತು 1550 ನ್ಯಾನೊಮೀಟರಿನ ಬೆಳಕು ಮನುಷ್ಯನ ಕಣ್ಣಿಗೆ ಕಾಣುವುದೇ ಇಲ್ಲ. ಇಣುಕಿದರೆ ನಿಮಗೆ ಏನೂ ತಿಳಿಯುವುದಿಲ್ಲ, ಮತ್ತು ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವ ಸಹಜ ರಕ್ಷಣೆಯೂ ಕೆಲಸ ಮಾಡುವುದಿಲ್ಲ. ನಿಮ್ಮ ಎಲ್‌ಆರ್ ಮಾಡ್ಯೂಲ್‌ಗಳು ಕ್ಲಾಸ್ 1 ಲೇಸರ್ ದರ್ಜೆಯವು, ಸಾಮಾನ್ಯ ಬಳಕೆಯಲ್ಲಿ ಬರಿಗಣ್ಣಿಗೆ ಅಪಾಯ ಮಾಡದಂಥವು ಎಂಬುದು ನಿಜ. ಆದರೆ ಭೂತಗನ್ನಡಿ ಅಥವಾ ಫೈಬರ್ ಮೈಕ್ರೋಸ್ಕೋಪ್ ನಡುವೆ ಬಂದರೆ ಬೆಳಕು ಒಂದು ಬಿಂದುವಿಗೆ ಕೂಡಿಕೊಳ್ಳುತ್ತದೆ, ಮತ್ತು ಪ್ಯಾನೆಲ್ಲಿನಲ್ಲಿ ಅಕ್ಕಪಕ್ಕ ನೇತಾಡುವ ಫೈಬರುಗಳಲ್ಲಿ ಟೆಲಿಕಾಂ ಕಂಪನಿಯ ಹೆಚ್ಚು ಶಕ್ತಿಯ ಎಳೆ ಯಾವುದು ಎಂದು ಹೊರಗಿನಿಂದ ಗುರುತಿಸಲಾಗದು. ಮೊಬೈಲ್ ಕ್ಯಾಮೆರಾದಿಂದ ನೋಡುವ ರೂಢಿಯೂ ಇದೆ. 850 ನ್ಯಾನೊಮೀಟರಿನ ಮಾಡ್ಯೂಲ್ ಆದರೆ ಕೆಲವು ಕ್ಯಾಮೆರಾಗಳಲ್ಲಿ ಮಂಕಾದ ಚುಕ್ಕಿ ಕಾಣಬಹುದು, ಆದರೆ ಕ್ಯಾಮೆರಾದ ಸಿಲಿಕಾನ್ ಸೆನ್ಸರ್ 1100 ನ್ಯಾನೊಮೀಟರಿನಾಚೆ ಕುರುಡು. ಹೀಗಾಗಿ ಪರದೆ ಕಪ್ಪಾಗಿ ಕಂಡಿತೆಂದು ನಿಮ್ಮ ಮಾಡ್ಯೂಲಿನಲ್ಲಿ ಬೆಳಕಿಲ್ಲವೆಂದು ತೀರ್ಮಾನಿಸುವಂತಿಲ್ಲ. ಬೆಳಕಿದೆಯೇ ಎಂದು ಹೇಳಬಲ್ಲವು ಪವರ್ ಮೀಟರ್ ಮತ್ತು ಎದುರಿನ ಮಾಡ್ಯೂಲಿನ ಅಂಕಿ, ಇವೆರಡೇ.

ಪೋರ್ಟುಗಳನ್ನು ಮತ್ತೆ ಚಾಲೂ ಮಾಡಿದ ಮೇಲೆ ಹಸಿರು ದೀಪ ಬಂದಿತೆಂದು ಅಲ್ಲಿಗೇ ಬಿಡಬೇಡಿ. ನಾಲ್ಕು ಅಂಕಿಗಳನ್ನು ಮತ್ತೆ ಓದಿ, ಪೋರ್ಟಿನ ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟು ಬಂದ ಮಾಹಿತಿಯ ತುಣುಕುಗಳ) ಎಣಿಕೆಯನ್ನು ಸೊನ್ನೆಗೆ ತಂದು, ಕನಿಷ್ಠ ಎರಡು ಸುಡು ಮಧ್ಯಾಹ್ನಗಳು ಕಳೆಯುವವರೆಗೆ ಅದು ಏರುತ್ತಿದೆಯೇ ನೋಡಿ. ಅಂಕಿಗಳನ್ನು, ಮಾಡ್ಯೂಲಿನ ಕ್ರಮಸಂಖ್ಯೆಯನ್ನು ಮತ್ತು ದಿನಾಂಕವನ್ನು ದಾಖಲೆ ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಜಾಗಕ್ಕೆ ಮುಂದೆ ಬರುವವರಿಗೆ ಅದಕ್ಕಿಂತ ಉಪಯುಕ್ತವಾದದ್ದನ್ನು ನೀವು ಬಿಟ್ಟುಹೋಗಲಾರಿರಿ. ಕೆಟ್ಟ ಮಾಡ್ಯೂಲಿಗೆ ‘ದೋಷಯುಕ್ತ’ ಎಂದು ಚೀಟಿ ಅಂಟಿಸಿ ಬಿಡಿಭಾಗಗಳ ಪೆಟ್ಟಿಗೆಯಿಂದ ದೂರವಿಡಿ, ವಾರಂಟಿ ಇಲ್ಲದಿದ್ದರೆ ಕಾಲೇಜಿನ ಇ-ತ್ಯಾಜ್ಯದ ಜೊತೆ ನೋಂದಾಯಿತ ಮರುಬಳಕೆದಾರರಿಗೆ ಕೊಡಿ.

ಸರಬರಾಜುದಾರರಿಗೆ 40 ಕಿ.ಮೀ. ಜೊತೆಯನ್ನು, ಚೀಲ ಒಡೆಯದಿದ್ದರೆ ಹಾಗೆಯೇ, ಹಿಂದಿರುಗಿಸಿ. ಪತ್ರದಲ್ಲಿ ‘ಎಸ್‌ಎಫ್‌ಪಿ ಪ್ಲಸ್, 10 ಗಿಗಾಬಿಟ್, ಎಲ್‌ಆರ್, 1310 ನ್ಯಾನೊಮೀಟರ್, ಸಿಂಗಲ್ ಮೋಡ್, ಎರಡು ಎಳೆಯ ಎಲ್‌ಸಿ, ಡಿಡಿಎಂ ಸಹಿತ’ ಎಂದು ಸ್ವಿಚ್ಚಿನ ಮಾದರಿಯ ಜೊತೆ ಬರೆಯಿರಿ. ಕೋಣೆಯ ಕಾವನ್ನು ತಗ್ಗಿಸುವುದು ಸಾಧ್ಯವೇ ಇಲ್ಲವಾದರೆ ಅದೇ ಸಾಲಿಗೆ ‘ಕೈಗಾರಿಕಾ ಉಷ್ಣತೆಯ ದರ್ಜೆ’ ಎಂದೂ ಸೇರಿಸಿ, ಮತ್ತು ಮೂರು ಮಾಡ್ಯೂಲ್ ಕೇಳಿ: ಒಂದು ಈಗಿನ ಕೆಲಸಕ್ಕೆ, ಒಂದು ಎದುರಿನ ತುದಿಯದೂ ಹಳೆಯದಾಗಿದ್ದರೆ ಅದಕ್ಕೆ, ಇನ್ನೊಂದು ಚೀಲ ಒಡೆಯದೆ ಕಪಾಟಿನಲ್ಲಿ ಇರಲಿಕ್ಕೆ.